ಸೀರಿ ಇಳಿಬಿಟ್ಟ ಗೋಡಿ

ಬನಹಟ್ಟಿ, ಮಂಗಳವಾರ

ನಮ್ಮ ಸಮುದಾಯ ಭವನದ ನಕ್ಷೆ ತೆಗೆದ ಪ್ರೀತಿ ಮೇಡಮ್ಮಾರಿಗೆ, ನೇಕಾರ ಓಣಿಯ ಇಂದ್ರವ್ವ ಮಾಡುವ ಶರಣು.

ಭವನ ಛಲೋ ಆಗೈತ್ರಿ. ಗಾಳಿ ಐತಿ, ಬೆಳಕ ಐತಿ. ಖರೆ, ಒಳಗ ಒಂದ ಮಾತಾಡಿದ್ರ ದನಿ ಹತ್ತ ಸಲ ಹೊಳ್ಳಿ ಬರತೈತಿ. ಮಗ್ಗದ ಸಪ್ಪಳದಾಗ ಬೆಳೆದ ನಾವು ಮೊದಲಽ ಒದರಿ ಮಾತಾಡೋ ಮಂದಿ. ಉದ್ಘಾಟನೆ ದಿನ ನಮ್ಮ ಅಧ್ಯಕ್ಷರು ಅರ್ಧ ತಾಸ ಭಾಷಣ ಮಾಡಿದ್ರು. ಒಂದ ಶಬ್ದಾನೂ ತಿಳೀಲಿಲ್ಲ, ಆದ್ರೂ ಎಲ್ಲಾರೂ ಚಪ್ಪಾಳಿ ಹೊಡದ್ವಿ.

ಹೋದ ವಾರ ನಮ್ಮ ಬಸುರಿ ಸೊಸಿ ರಾಜಶ್ರೀ ಕುಬಸದ ಕಾರ್ಯ ಅಲ್ಲೇ ಮಾಡಿದ್ವಿ. ಬರೇ ಗೋಡಿ ಕಾಣಬಾರದಂತ, ಓಣ್ಯಾಗ ನೇದ ಸೀರಿ ಬಿಚ್ಚಿ ಮ್ಯಾಲಿಂದ ಕೆಳಗಿನತನಕ ಇಳಿಬಿಟ್ವಿ. ದನಿ ಹೊಳ್ಳಿ ಬರೋದು ನಿಂತ ಬಿಡ್ತರಿ! ಸೀರಿ ತೆಗೆದ ಮ್ಯಾಲ ಮತ್ತ ಬಂತು. ಮರುದಿನ ನಾನಽ ಹೋಗಿ ಎರಡ ಸಲ ಕಟ್ಟಿ, ಬಿಚ್ಚಿ, ಚಪ್ಪಾಳಿ ಹೊಡದ ನೋಡೀನಿ. ಅರಿವಿ ಸಪ್ಪಳ ನುಂಗತೈತೇನ್ರಿ? ಹತ್ತಿ ಹೆಚ್ಚ ನುಂಗತೈತೋ, ರೇಷ್ಮಿಯೋ?

ಬೀಳಗಿ ಭವನದ ನಕ್ಷೆನೂ ನೀವೇ ತೆಗ್ಯಾಕತ್ತೀರಂತ ಕೇಳೀನಿ. ಅಲ್ಲಿ ಗೋಡಿಗೆ ಕೊಂಡಿ ಹಾಕೋದು ಮರೀಬ್ಯಾಡ್ರಿ. ನಮಗೂ ಹಾಕಿಸಿಕೊಡ್ರಿ, ಸೀರಿ ನಾವು ತರತೀವಿ.

ಇನ್ನೊಂದ ಮಾತು. ಕುಬಸದ ದಿನ ನಮ್ಮನಿಯವರು ಬಾಜೂಕ ಕುಂತಿದ್ರು. ‘ಊಟ ಆತೇನ್ರಿ?’ ಅಂತ ಮೆಲ್ಲಕ ಕೇಳಿದೆ. ಮೂವತ್ತ ವರ್ಷ ನನ್ನ ಜೋಡಿ ಬಾಳೇ ಮಾಡಿದವರು ಹೊಳ್ಳಿ ನೋಡಿ, ‘ನಿನ್ನ ದನಿ ಹಿಂಗೈತೇನ?’ ಅಂದ್ರು.

ಕೊಂಡಿಯ ದಾರಿ ಕಾಯೋ,
ಇಂದ್ರವ್ವ