ಮಕರಂದನ ಕಾಲಿನ ಕರಿದಾರ

ವತ್ಸಲಕ್ಕಾ,

ನೀನು ತೀರಿಕೊಂಡು ಎರಡು ವರ್ಷವಾದರೂ ಈ ಸುದ್ದಿ ನಿನಗೇ ಹೇಳಬೇಕು. ಔರಾದ ರಸ್ತೆಯಲ್ಲಿ ನಿನ್ನ ಮಗ ಮಕರಂದನ ಕಾಲ ಮೇಲೆ ಟೆಂಪೊ ಹಾಯಿತು. ಮೊಣಕಾಲ ಕೆಳಗೆ ಎಲುಬು ಕಾಣುತ್ತಿತ್ತು. ಭಾಲ್ಕಿಯ ಬೀಗರೆಲ್ಲ ಕಾಲು ತೆಗೆಸಿಬಿಡಿ ಅಂದರು. ನಾನು ಕೇಳಲಿಲ್ಲ. ಬೀದರದ ಡಾಕ್ಟರು ಅವನ ಬೆನ್ನಿನ ಮಾಂಸ ತೆಗೆದು, ಕೂದಲಿನಂಥ ರಕ್ತನಾಳ ಜೋಡಿಸಿ, ಎಲುಬು ಮುಚ್ಚಿದರು. ಹುಡುಗ ಮತ್ತೆ ನಡೆಯುತ್ತಾನೆ ಅಂದರು. ಇಂಥ ಡಾಕ್ಟರನ್ನು ಹುಡುಕಿದವನು ಯಾರು? ನಿನ್ನ ತಮ್ಮ!

ಆದರೆ ನೋಡಲು ಬಂದವರ ಕಣ್ಣು ಒಳ್ಳೆಯದಲ್ಲ. ನೀನಿದ್ದರೆ ಕರಿದಾರ ಕಟ್ಟುತ್ತಿದ್ದೆ. ನಿನ್ನೆ ಸಿಸ್ಟರ್ ಆ ಕಡೆ ತಿರುಗಿದಾಗ ನಾನೇ ಮೊಣಕಾಲ ಕೆಳಗೆ ಕಟ್ಟಿ, ಜಾರದಂತೆ ಬಿಗಿದು, ಮೇಲೆ ಚಾದರ ಎಳೆದೆ.

"ಮಾಮಾ, ಬೈತಾರ."

"ನಿಮ್ಮ ಮಾಮಾನ ಕೈಚಳಕ ಯಾರಿಗೂ ಗೊತ್ತಾಗಲ್ಲೋ, ಸುಮ್ಮ ಮಲಕೊ."

ಇಂದು ಬೆಳಿಗ್ಗೆ ಕಾಲು ಬಾತು, ದಾರ ಚರ್ಮದೊಳಗೆ ಹೂತಿತ್ತು. ಜೋಡಿಸಿದ ಮಾಂಸ ನೇರಳೆ ಬಣ್ಣಕ್ಕೆ ತಿರುಗಿತ್ತು. ಡಾಕ್ಟರು ದಾರ ಕತ್ತರಿಸಿ ನನ್ನನ್ನೇ ನೋಡಿದರು.

"ರಕ್ತ ನಿಂತದ. ಇದು ಯಾರು ಕಟ್ಟೀರಿ?"

ನಾನು ಬಾಯಿ ತೆರೆಯುವ ಮೊದಲೇ ಮಕರಂದ ಹೇಳಿದ: "ನಮ್ಮವ್ವ ಕಟ್ಟ್ಯಾಳ್ರಿ."

"ಹಂಗಾದ್ರ ಅವರನ್ನ ಕರೀರಿ. ಮತ್ತ ಕೊಯ್ದು ನೋಡಬೇಕು. ಕಾಲು ಉಳೀತದಂತ ಹೇಳ್ಲಾಕ ಆಗಲ್ಲ."

ಅವನನ್ನು ಒಳಗೆ ಒಯ್ದರು. ನಿನ್ನನ್ನು ಕರೆತರುತ್ತೇನೆ ಎಂದು ನಾನು ಹೊರಗೆ ಬಂದು ಕುಳಿತೆ, ಅಕ್ಕಾ. ಈಗಷ್ಟೇ ಸಿಸ್ಟರ್ ಬಾಗಿಲು ತೆರೆದು, "ಅವರವ್ವ ಬಂದ್ರೇನ್ರಿ?" ಎಂದು ಕೇಳಿದಳು.

"ದಾರ್ಯಾಗ ಇದ್ದಾಳ್ರಿ" ಅಂದೆ.