ನಾನು ಎತ್ತದ ಆಕ್ಷೇಪಣೆ

ಮಾರ್ಚ್ ೧೪, ಮಂಗಳವಾರ

ನಾಳೆ ಬಡಗಿಯ ಮೇಲ್ಮನವಿ. ಕೊಲೆ ಕೇಸಿನಲ್ಲಿ ಅವನಿಗೆ ಶಿಕ್ಷೆಯಾದಾಗ ಅವನ ಪರ ವಕೀಲೆ ನಾನೇ ಆಗಿದ್ದೆ. "ಇವನೇ ಕೊಂದನಂತೆ, ಯಾರೋ ಅಂದ್ರು" ಎಂದು ಸಾಕ್ಷಿ ಹೇಳಿದಾಗ ನಾನು ಆಕ್ಷೇಪಿಸಲಿಲ್ಲ. ಆ ಗಾಳಿಮಾತೇ ಅವನನ್ನು ಜೈಲಿಗೆ ಹಾಕಿತು.

ಸಂಜೆ ಅವನ ಹೊಸ ವಕೀಲರು ಬಂದಿದ್ದರು. "ಆವತ್ತು ನೀವು ತಡೀಲಿಲ್ಲ, ಈಗ ಆ ತಕರಾರು ಕೇಳಲ್ಲ ಅಂತಾರೆ ಜಡ್ಜು, ಮೇಡಂ. ಯಾಕೆ ಸುಮ್ಮನಿದ್ರಿ ಅಂತ ಪ್ರಮಾಣ ಮಾಡಿ ಬರೆದುಕೊಡಿ. ನಿಮ್ಮ ತಪ್ಪಿಂದ ಬಿಟ್ಟುಹೋಗಿದ್ರೆ ಕೇಳ್ತಾರೆ, ಬೇಕಂತಲೇ ಬಿಟ್ಟಿದ್ರೆ ಮಾತ್ರ ಕಥೆ ಮುಗೀತು."

ಮೊದಲು 'ಅದು ನನ್ನ ತಂತ್ರ' ಎಂದೇ ಬರೆದೆ. ಇಪ್ಪತ್ತು ವರ್ಷದ ಹೆಸರು ಉಳಿಯುತ್ತಿತ್ತು, ಅವನು ಒಳಗೇ ಕೊಳೆಯುತ್ತಿದ್ದ. ಹರಿದು ಹಾಕಿದೆ.

'ಬೇರೆ ಕೇಸಿನ ಕಡತ ತಿರುವುತ್ತಿದ್ದೆ. ಆ ಮಾತು ಕಿವಿಗೆ ಬೀಳಲೇ ಇಲ್ಲ.' ನಿಜ ಇದು. ಸಹಿ ಹಾಕಿದೆ.

ನಾಳೆ ಇದನ್ನು ಗಟ್ಟಿಯಾಗಿ ಓದುತ್ತಾರೆ. ಅವನ ಹೆಂಡತಿ ಎದುರಿಗೇ ಕೂತಿರುತ್ತಾಳೆ. ತೀರ್ಪಿನ ದಿನ ನನ್ನ ಕೈ ಹಿಡಿದು, "ನಿಮ್ಮ ಕೈಲಾದ್ದೆಲ್ಲ ಮಾಡಿದ್ರಿ ಅಕ್ಕಾ" ಅಂದವಳು.