ಎಡೆಗೆ ಬಾಟಲಿ ಬೇಡ

ಕೆಂಪಾಪುರ

ಲಕ್ಕಣ್ಣ ಭಾವನವರಿಗೆ ನಮಸ್ಕಾರ.

ನಾಳೆ ತಿಥಿಯಲ್ಲಿ ನಿಮ್ಮ ತಮ್ಮನ ಎಡೆಗಿಡೋಕೆ ಬ್ರಾಂದಿ ಬಾಟಲಿ ತರ್ತಿದ್ದೀರಂತೆ. ತರಬೇಡಿ. ಲಿವರ್ ಕ್ಯಾನ್ಸರ್ ಅಂದ ತಕ್ಷಣ, ಗುಟ್ಟಾಗಿ ಕುಡೀತಿದ್ರು ಅಂತ ಊರಿನವರು ಅಂದ್ರು. ನೀವೂ ನಂಬಿದ್ರಾ? ನಮ್ಮ ಯಜಮಾನ್ರು ಒಂದು ತೊಟ್ಟೂ ಮುಟ್ಟಿದವರಲ್ಲ. ಹೊಲ ಮಾರಿ ಬಾಡಿಗೆ ಮನೆ ಕಟ್ಟಿಸಿದ ಮೇಲೆ ಅವರ ಓಡಾಟ ನಿಂತೋಯ್ತು. ಹೊಟ್ಟೆ ಬಂತು, ಶುಗರ್ ಬಂತು, ಲಿವರ್‌ನಲ್ಲಿ ಕೊಬ್ಬು ತುಂಬ್ತು. ಕುಡಿಯದವರಿಗೂ ಇದರಿಂದ ಕ್ಯಾನ್ಸರ್ ಬರಬಹುದು ಅಂತ ಡಾಕ್ಟರೇ ಹೇಳಿದ್ರು. ಅದಕ್ಕೇ ಸ್ವೀಟಿನ ಪೊಟ್ಟಣ ಕಂಡಾಗೆಲ್ಲ ಕಿತ್ಕೊಂಡು ಜಗಳ ಆಡ್ತಿದ್ದೆ.

ಅವರಿಗೆ ಇಷ್ಟವಾಗಿದ್ದನ್ನೇ ಇಡಬೇಕು ಅನ್ನೋದಾದ್ರೆ, ಬಿಸಿ ಜಿಲೇಬಿ ತನ್ನಿ ಭಾವ. ಜಾಸ್ತೀನೇ ತನ್ನಿ. ನಾನೇ ಬಡಿಸ್ತೀನಿ. ಈ ಸಲ ಬೇಡ ಅನ್ನಲ್ಲ.

ಇಂತಿ,
ನಾಗಲಕ್ಷ್ಮಿ